ಈಗಲೇ ಹೊರಡೋದಾ, ಬೆಳಗಾಗಲಿ ಅನ್ನೋದಾ? ಹಳೇ ಕಾಯಿಲೆ ಜೋರಾದಾಗ ತೀರ್ಮಾನ ಮಾಡುವ ಬಗೆ

ಸಕ್ಕರೆ, ಬಿಪಿ, ದಮ್ಮು, ಹಾರ್ಟು, ಕಿಡ್ನಿ. ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ನಮ್ಮ ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಈಗ ಅಪರೂಪ. ಹೊಸದಾಗಿ ಏನಾದರೂ ಬಂದರೆ ಜನ ಗಾಬರಿಬಿದ್ದು ದವಾಖಾನೆಗೆ ಓಡುತ್ತಾರೆ. ಹಳೇ ಕಾಯಿಲೆ ಜೋರಾದಾಗ ಮಾತ್ರ ಯಾರೂ ಓಡುವುದಿಲ್ಲ. "ಅದು ಇದ್ದದ್ದೇ ಬಿಡ್ರಿ" ಅನ್ನುತ್ತಾರೆ ಮನೆಯವರು. "ಮುಂಜಾನೆ ನೋಡಿದ್ರಾತು, ಈಗ ಯಾಕ ಎಲ್ಲಾರಿಗೂ ತ್ರಾಸು" ಎಂದು ಅವ್ವ ಮಗ್ಗುಲು ಬದಲಿಸುತ್ತಾಳೆ. ಹೀಗೆ ರಾತ್ರಿ ಕಳೆಯುವುದೂ ಒಂದು ತೀರ್ಮಾನವೇ. ಆದರೆ ಅದನ್ನು ಯಾರೂ ಕೂತು ಮಾಡಿರುವುದಿಲ್ಲ, ಸುಮ್ನೆ ಆಗಿಬಿಟ್ಟಿರುತ್ತದೆ.

ನಾನು ಡಾಕ್ಟರ್ ಅಲ್ಲ. ಮನೆಯಲ್ಲಿ ಇಂಥ ಹಿರಿಯರಿದ್ದಾರೆ, ಅವರನ್ನು ತೋರಿಸಲು ಹೋದಾಗಲೆಲ್ಲ ಡಾಕ್ಟರ ತಲೆ ತಿಂದು ಕೇಳಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನಿಮ್ಮ ಮನೆಯವರ ಡಾಕ್ಟರು ಬೇರೆ ಲೆಕ್ಕ ಕೊಟ್ಟಿದ್ದರೆ ಅದೇ ನಡೆಯಲಿ.

ಯಾರ ಜೊತೆ ಹೋಲಿಸಬೇಕು

ಹಳೇ ರೋಗಿಯನ್ನು ನಾವು ತಪ್ಪಾಗಿ ಎರಡು ಥರ ಹೋಲಿಸುತ್ತೇವೆ. ಒಂದು, ಆರೋಗ್ಯವಂತರ ಜೊತೆ. ಆಗ ದಿನಾ ಗಾಬರಿಯೇ. ಇನ್ನೊಂದು, ಅವರದೇ ಹಿಂದಿನ ಕೆಟ್ಟ ಸಲದ ಜೊತೆ. "ಹೋದ ದೀಪಾವಳಿಗೆ ಇದಕ್ಕಿಂತ ಜೋರಿತ್ತು, ಆಗಲೂ ಉಳಿದರು, ಈಗೇನು" ಎನ್ನುವ ಮಾತು ಕೇಳಿದ್ದೀರಲ್ವಾ? ಇದು ಜಾಸ್ತಿ ಅಪಾಯ. ಹೋಲಿಸಬೇಕಾದದ್ದು ಅವರ ಮಾಮೂಲಿ ದಿನದ ಜೊತೆ. ಮಾಮೂಲಿಯಾಗಿ ಎಷ್ಟು ಹೆಜ್ಜೆ ನಡೆದರೆ ದಮ್ಮು ಬರುತ್ತದೆ, ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆ, ತೂಕ ಎಷ್ಟು, ಬೆರಳಿಗೆ ಹಾಕುವ ಆಕ್ಸಿಮೀಟರ್ ರಕ್ತದ ಆಕ್ಸಿಜನ್ ಎಷ್ಟು ತೋರಿಸುತ್ತದೆ, ಮಾತು ಎಷ್ಟು ಚುರುಕು. ಇದು ಗೊತ್ತಿದ್ದರೆ ರಾತ್ರಿ ಎರಡು ಗಂಟೆಗೂ ತಲೆ ಓಡುತ್ತದೆ.

ಉದಾಹರಣೆಗೆ, ಅಕ್ಕಿ ಗಿರಣಿಯ ಧೂಳಿನಲ್ಲಿ ದುಡಿದು, ಬೀಡಿ ಸೇದಿ, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ವಾಸಿಯಾಗದೆ ಉಳಿಯುವ ದಮ್ಮು) ಹತ್ತಿಸಿಕೊಂಡ ಅಪ್ಪನಿಗೆ ಆಕ್ಸಿಜನ್ 90 ಎನ್ನುವುದು ದಿನದ ಅಂಕಿಯೇ ಇರಬಹುದು. ಅಸ್ತಮಾ ಇರುವ ಮಗಳಿಗೆ ದಿನಾ 98 ಇದ್ದು ಇವತ್ತು 92ಕ್ಕೆ ಇಳಿದಿದ್ದರೆ ಅದು ಗಂಭೀರ. ಎರಡನೆಯದರಲ್ಲಿ ಅಂಕಿ ಜಾಸ್ತಿ ಇದೆ, ಅಪಾಯವೂ ಜಾಸ್ತಿ ಇದೆ. ಇದರ ಜೊತೆ ವೇಗವನ್ನೂ ನೋಡಬೇಕು. ವಾರದಿಂದ ನಿಧಾನವಾಗಿ ಕೆಡುತ್ತಿದ್ದರೆ ಇವತ್ತೇ ಡಾಕ್ಟರಿಗೆ ಫೋನು, ಇವತ್ತು ಅಥವಾ ನಾಳೆ ಓಪಿಡಿ. ಗಂಟೆ ಗಂಟೆಗೂ ಕೆಡುತ್ತಿದ್ದರೆ ಓಪಿಡಿಯ ಮಾತೇ ಬೇಡ.

ಹೋಲಿಸುತ್ತಾ ಕೂರಬಾರದ ಸಂದರ್ಭಗಳು

ಕೆಲವಕ್ಕೆ ಮಾಮೂಲಿ ದಿನದ ಲೆಕ್ಕ ಬೇಕಾಗಿಲ್ಲ. ಉಸಿರಿಗೆ ಪೂರ್ತಿ ಒಂದು ವಾಕ್ಯ ಹೇಳಲಾಗುತ್ತಿಲ್ಲ, ತುಟಿ ನೀಲಿಯಾಗಿದೆ, ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ, ಮನೆಯವರ ಗುರುತು ತಪ್ಪುತ್ತಿದೆ, ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಐದು ನಿಮಿಷ ದಾಟಿದ ಫಿಟ್ಸ್. ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಫೋನು ಮಾಡಿ, ಆಮೇಲೆ ಉಳಿದ ಮಾತು. ಫಿಟ್ಸಿಗೆ ಕೈಯಲ್ಲಿ ಕಬ್ಬಿಣ ಹಿಡಿಸುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಮಾಡುತ್ತಾ ಹೊತ್ತು ಕಳೆಯಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ.

ಎದೆನೋವನ್ನು ನಮ್ಮ ಕಡೆ ಮೊದಲು "ಗ್ಯಾಸ್" ಖಾತೆಗೇ ಹಾಕುತ್ತಾರೆ. ಸೋಡಾ ಕುಡಿಸಿ, ಗ್ಯಾಸಿನ ಮಾತ್ರೆ ನುಂಗಿಸಿ ಮಲಗಿಸುತ್ತಾರೆ. ಎದೆ ಹಿಂಡಿದಂತಾಗಿ ಹತ್ತು ಹದಿನೈದು ನಿಮಿಷ ಹಾಗೇ ಇದ್ದರೆ, ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ತಣ್ಣನೆ ಬೆವರು ಬಂದರೆ ಇಸಿಜಿ ಆಗುವವರೆಗೆ ಅದನ್ನು ಹಾರ್ಟ್ ಎಂದೇ ತಿಳಿಯಬೇಕು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಬೆವರು, ವಾಂತಿ, ದಮ್ಮು, ಏಕಾಏಕಿ ಸುಸ್ತು ಇರಬಹುದು. ಪಕ್ಕದ ಮನೆಯವರ ಹಾರ್ಟಿನ ಮಾತ್ರೆ ಸಾರ್ಬಿಟ್ರೇಟ್ ತಂದು ನಾಲಿಗೆ ಕೆಳಗೆ ಇಡುವ ಅಭ್ಯಾಸ ಬೇಡ. ಬಿಪಿ ಇಳಿದಿದ್ದರೆ ಅದು ಇನ್ನೂ ಕೆಳಗೆ ತಳ್ಳುತ್ತದೆ. ನಿಮ್ಮ ಡಾಕ್ಟರೇ ಬರೆದುಕೊಟ್ಟಿದ್ದರೆ ಮಾತು ಬೇರೆ.

ಲಕ್ವಾದ್ದು ಇದಕ್ಕಿಂತ ಬೇಸರದ ಕಥೆ. ಮುಖ ಒಂದು ಕಡೆ ಸೊಟ್ಟ, ಒಂದು ಕೈ ಬಿದ್ದುಹೋಗುವುದು, ಮಾತು ತೊದಲುವುದು, ಇಷ್ಟು ಕಂಡರೂ ನಾಟಿ ಔಷಧದ ಊರಿಗೆ ಜೀಪು ಮಾಡಿಕೊಂಡು ಹೋಗುವವರು ಈಗಲೂ ಇದ್ದಾರೆ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು, ಯಾಕೆಂದರೆ ಮೆದುಳಿನಲ್ಲಿ ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯುತ್ತದೆ. ನಿದ್ದೆಯಿಂದ ಎದ್ದಾಗ ಹೀಗಾಗಿದ್ದರೆ, ಕೊನೆಗೆ ಸರಿಯಾಗಿದ್ದುದನ್ನು ಯಾರು ಎಷ್ಟು ಗಂಟೆಗೆ ನೋಡಿದರೋ ಅಲ್ಲಿಂದ ಲೆಕ್ಕ. ಆ ಟೈಮು ಬರೆದುಕೊಳ್ಳಿ. ನೀರು, ಮಾತ್ರೆ ಯಾವುದೂ ಬಾಯಿಗೆ ಬೇಡ.

ಕಾಯಬಹುದಾದದ್ದು, ಕಾಯಬಾರದ್ದು

ಹಾರ್ಟ್ ದುರ್ಬಲವಾಗಿ ಕಾಲು ಬಾವು ಬರುವವರ ಮನೆಯಲ್ಲಿ ತೂಕದ ಮಷೀನು ಇರಲೇಬೇಕು. ಬೆಳಿಗ್ಗೆ ಎದ್ದು ಮೂತ್ರ ಮಾಡಿ, ಏನೂ ತಿನ್ನುವ ಮೊದಲು ತೂಕ. ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಆರಾಮಾಗಿ ಮಾತಾಡುತ್ತಿದ್ದರೆ ಅವತ್ತೇ ಡಾಕ್ಟರಿಗೆ ಫೋನು ಮಾಡಿದರೆ ಸಾಕು, ಬಹಳ ಸಲ ನೀರಿನ ಮಾತ್ರೆಯ ಡೋಸ್ ಬದಲಿಸಿ ಸರಿಮಾಡುತ್ತಾರೆ. ಅದೇ ಮಲಗಲು ಆಗದೆ ಎದ್ದು ಕೂರುತ್ತಿದ್ದಾರೆ, ನಡುರಾತ್ರಿ ಉಸಿರುಕಟ್ಟಿ ಏಳುತ್ತಿದ್ದಾರೆ, ಕೆಮ್ಮಿನಲ್ಲಿ ನೊರೆ ಬರುತ್ತಿದೆ ಎಂದರೆ ಬೆಳಗಿನವರೆಗೆ ಕಾಯುವ ಹಾಗಿಲ್ಲ. ಕಾಲು ಇಳಿಬಿಟ್ಟು ಕೂರಿಸಿ, ಮಲಗಿಸಿ ಒಯ್ಯಬೇಡಿ.

ದಮ್ಮಿನವರದ್ದು ಇನ್ಹೇಲರ್ ಲೆಕ್ಕ. ಅಸ್ಥಾಲಿನ್‌ನಂಥ ತಕ್ಷಣದ ಇನ್ಹೇಲರ್ ಹೊಡೆದ ಮೇಲೆ ಆರಾಮಾಗಿ, ನಾಲ್ಕು ತಾಸು ಕಳೆದರೂ ಹಾಗೇ ಇದ್ದರೆ ಮನೆಯಲ್ಲಿರಬಹುದು, ಆದರೆ ಮರುದಿನ ತೋರಿಸಿ. ಹೊಡೆದ ಸ್ವಲ್ಪ ಹೊತ್ತಿಗೆ ಮತ್ತೆ ಬೇಕೆನಿಸುತ್ತಿದ್ದರೆ ಹೊರಡಿ, ದಾರಿಯಲ್ಲೂ ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿ ಒಂದೊಂದೇ ಪಫ್ ಕೊಡುತ್ತಿರಿ. ಸುಯ್ ಸುಯ್ ಶಬ್ದ ನಿಂತಿತು ಎಂದು ಖುಷಿಪಡುವ ಮೊದಲು ಮನುಷ್ಯನನ್ನು ನೋಡಿ. ಸುಸ್ತಾಗಿ ತೂಕಡಿಸುತ್ತಿದ್ದರೆ ಗಾಳಿಯೇ ಓಡಾಡುತ್ತಿಲ್ಲ ಎಂದರ್ಥ. ಸಿಒಪಿಡಿ ಇದ್ದರೆ ಆಂಬುಲೆನ್ಸಿನವರಿಗೂ ಕ್ಯಾಶುವಾಲ್ಟಿಯವರಿಗೂ ಅದನ್ನು ಮೊದಲೇ ಹೇಳಿ. ಅವರಿಗೆ ಆಕ್ಸಿಜನ್ನನ್ನು ಸಾಮಾನ್ಯವಾಗಿ 88ರಿಂದ 92ರ ನಡುವೆ ಇಡುತ್ತಾರೆ, ವಿಪರೀತ ಕೊಟ್ಟರೆ ಅದೂ ತೊಂದರೆ.

ಸಕ್ಕರೆ ಇಳಿಯುವುದಕ್ಕೂ ಏರುವುದಕ್ಕೂ ಬಹಳ ವ್ಯತ್ಯಾಸವಿದೆ. ಇಳಿದದ್ದು ನಿಮಿಷಗಳ ಆಟ. 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಚೆಕ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ಹಾಕಿದರೆ ಶ್ವಾಸನಾಳಕ್ಕೆ ಹೋಗುತ್ತದೆ, ಅಲ್ಲಿ 108 ಒಂದೇ ದಾರಿ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುವವರಿಗೆ, ಅದರಲ್ಲೂ ಕಿಡ್ನಿ ಸೋತವರಿಗೆ, ಸಕ್ಕರೆ ಒಮ್ಮೆ ಏರಿ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯುತ್ತದೆ. ಸಕ್ಕರೆ ನೀರು ಕುಡಿದು ಎದ್ದು ಕೂತು ನಗುತ್ತಿದ್ದರೂ ಅವರನ್ನು ಆಸ್ಪತ್ರೆಯಲ್ಲಿ ಒಂದು ದಿನ ನೋಡುವುದು ಒಳ್ಳೆಯದು. ಏರಿದ್ದಾದರೆ, 300 ಕಂಡಕೂಡಲೇ ಗಾಡಿ ಹತ್ತಬೇಕಾಗಿಲ್ಲ. ಆರಾಮಿದ್ದರೆ ನೀರು ಕುಡಿದು, ಡಾಕ್ಟರಿಗೆ ತಿಳಿಸಿದರೆ ನಡೆಯುತ್ತದೆ. ಅದರ ಜೊತೆ ವಾಂತಿ, ಹೊಟ್ಟೆನೋವು, ಆಳವಾದ ಜೋರು ಉಸಿರು, ಮಂಪರು ಇದ್ದರೆ ಅದು ತುರ್ತು. ಡಾಪಾಗ್ಲಿಫ್ಲೋಜಿನ್ ಥರದ ಸಕ್ಕರೆ ಕಾಯಿಲೆಯ ಮಾತ್ರೆಯವರಲ್ಲಿ ಸಕ್ಕರೆ 200ರ ಆಸುಪಾಸಿದ್ದರೂ ಇದೇ ತೊಂದರೆ ಬರಬಹುದು, ಆದ್ದರಿಂದ ಅಲ್ಲಿ ಮೀಟರಿಗಿಂತ ವಾಂತಿ, ಉಸಿರು ನೋಡಿ. ಕಾಲಿನ ಗಾಯ ಕಪ್ಪಾಗಿ ವಾಸನೆ ಬಂದು ಜ್ವರ ಬಂದರೆ ಅವತ್ತೇ ತೋರಿಸಿ. ಹತ್ತಿ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿ, ಚುಚ್ಚಿದ್ದೇ ಗೊತ್ತಾಗದೆ, ಬೆರಳು ಕಳೆದುಕೊಂಡವರು ಎಷ್ಟು ಜನ.

ಬಿಪಿ ವಿಷಯದಲ್ಲಿ ನಾವು ಜಾಸ್ತಿಯೇ ಹೆದರುತ್ತೇವೆ ಅನಿಸುತ್ತದೆ. 180/120 ಬಂತು, ಆದರೆ ಮನುಷ್ಯ ಆರಾಮಿದ್ದಾನೆ ಎಂದರೆ ಸುಮ್ನೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಮಾತ್ರೆ ತಪ್ಪಿಸಿದ್ದಾರಾ ಕೇಳಿ, ಡಾಕ್ಟರಿಗೆ ಫೋನು ಮಾಡಿ. ನಾಲಿಗೆ ಕೆಳಗೆ ಮಾತ್ರೆ ಒಡೆದು ದಿಢೀರ್ ಇಳಿಸುವುದೇ ಅಪಾಯ. ಎದೆನೋವು, ದಮ್ಮು, ಕಣ್ಣು ಮಂಜು, ಗೊಂದಲ, ಕೈಕಾಲು ಸೋಲುವುದು, ಸಹಿಸಲಾಗದ ತಲೆನೋವು ಜೊತೆಗಿದ್ದರೆ ಹೊರಡಿ.

ಕಿಡ್ನಿಯವರಿಗೆ ನಮ್ಮ ಬೇಸಿಗೆ ಶತ್ರು. ಏಪ್ರಿಲ್, ಮೇನಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದೆ, ಪ್ರೀತಿಯಿಂದ ಎಳನೀರು ಕುಡಿಸುತ್ತಾರೆ. ಕಿಡ್ನಿ ಸೋತವರಿಗೆ ಅದರಲ್ಲಿನ ಪೊಟ್ಯಾಶಿಯಂ ಹೊರಹೋಗುವುದಿಲ್ಲ, ಹೃದಯದ ಬಡಿತವನ್ನೇ ಕೆಡಿಸುತ್ತದೆ. ಡಯಾಲಿಸಿಸ್ ತಪ್ಪಿದೆ, ಕೈಕಾಲಲ್ಲಿ ಶಕ್ತಿಯೇ ಇಲ್ಲ, ಉಸಿರು ಕಟ್ಟುತ್ತಿದೆ ಅಥವಾ ನಾಡಿ ನಿಧಾನವಾಗಿದೆ ಎಂದರೆ ಮುಂದಿನ ಪಾಳಿಯವರೆಗೆ ಕಾಯಬೇಡಿ. ಫಿಸ್ಟುಲಾದ (ಡಯಾಲಿಸಿಸ್ ಸೂಜಿಗೆಂದು ಕೈಯಲ್ಲಿ ಮಾಡಿದ ರಕ್ತನಾಳದ ಜೋಡಣೆ) ಜುಂ ಜುಂ ನಿಂತರೂ, ಅಲ್ಲಿಂದ ರಕ್ತ ನಿಲ್ಲದಿದ್ದರೂ ಹಾಗೇ. ಕ್ಯಾನ್ಸರಿಗೆ ಕೀಮೋ ಮಾಡಿಸಿಕೊಳ್ಳುತ್ತಿರುವವರಿಗೆ 100.4 ಡಿಗ್ರಿ ಜ್ವರ ಬಂದರೆ ಅದೂ ತುರ್ತೇ, ಬರೀ ಜ್ವರ ಎಂದು ಡೋಲೋ ಕೊಟ್ಟು ಮಲಗಿಸಬೇಡಿ.

ಬಾಟಲಿ ಹಾಕಿಸುವ ದಾರಿ

ಮನೆಗೂ ದೊಡ್ಡಾಸ್ಪತ್ರೆಗೂ ನಡುವೆ ನಮ್ಮೂರುಗಳಲ್ಲಿ ಇನ್ನೊಂದು ಆಯ್ಕೆ ಇದ್ದೇ ಇದೆ. ಊರಿನ ಆರ್‌ಎಂಪಿಯನ್ನು (ಡಾಕ್ಟರ್ ಡಿಗ್ರಿ ಇಲ್ಲದೆ ಸೂಜಿ, ಮಾತ್ರೆ ಕೊಡುವವನನ್ನು) ಕರೆಸಿ ಒಂದು ಸಲಾಯಿನ್ ಹಚ್ಚಿಸುವುದು. ಹತ್ತಿರ ಇದ್ದಾನೆ, ಕರೆದರೆ ಬರುತ್ತಾನೆ, ದುಡ್ಡು ಕಡಿಮೆ, ಅವ್ವನಿಗೂ ಏನೋ ಮಾಡಿದರು ಎನ್ನುವ ಸಮಾಧಾನ. ಕೂಲಿ ಮಾಡಿ ಬಿಸಿಲಿಗೆ ಸುಸ್ತಾದ ಗಟ್ಟಿ ಆಳಿಗೆ ಅದರಿಂದ ದೊಡ್ಡ ಕೆಡುಕಾಗಲಿಕ್ಕಿಲ್ಲ. ಆದರೆ ಹಾರ್ಟ್ ದುರ್ಬಲವಿರುವವರಿಗೆ, ಕಿಡ್ನಿ ಸೋತವರಿಗೆ ಆ ಬಾಟಲಿಯ ನೀರು ಹೋಗುವುದೆಲ್ಲಿಗೆ? ಮೂತ್ರವಾಗಿ ಹೋಗದಿದ್ದರೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಸಾಯಂಕಾಲ ಸುಸ್ತು ಎಂದು ಬಾಟಲಿ ಹಾಕಿಸಿಕೊಂಡವರಿಗೆ ರಾತ್ರಿ ಉಸಿರು ಕಟ್ಟುವುದು ಹೀಗೆ. ಜೊತೆಗೆ ನೋವಿನ ಸೂಜಿ ಬೇರೆ. ಡೈಕ್ಲೋಫೆನಾಕ್ ಕಿಡ್ನಿಗೂ ಹಾರ್ಟಿಗೂ ಒಳ್ಳೆಯದಲ್ಲ. ಸ್ಟಿರಾಯ್ಡ್ ಸೂಜಿ ಬಿದ್ದರೆ ಸಕ್ಕರೆ ಏರುತ್ತದೆ, ಆದರೆ ಆ ಹೊತ್ತಿಗೆ ಹಾಯ್ ಅನಿಸುತ್ತದೆ, ಅದೇ ಮೋಸ.

ಆರ್‌ಎಂಪಿಯ ಜೊತೆ ಜಗಳ ಮಾಡಿ ಎಂದು ಹೇಳುತ್ತಿಲ್ಲ. ಎಷ್ಟೋ ಹಳ್ಳಿಯಲ್ಲಿ ನಡುರಾತ್ರಿ ಬರುವವನು ಅವನೊಬ್ಬನೇ. ಬಿಪಿ ನೋಡಲು, ಸಕ್ಕರೆ ನೋಡಲು ಕರೆಯಿರಿ. ಬಾಟಲಿ, ಸೂಜಿ ಬೇಡ ಎನ್ನಿ.

ಎಲ್ಲಿಗೆ ಹೋಗೋದು

ಹತ್ತಿರದ್ದಾ, ದೊಡ್ಡದ್ದಾ ಎಂದು ವಾದ ಮಾಡುವ ಬದಲು, ಈಗ ಬೇಕಾದ ವಸ್ತು ಎಲ್ಲಿದೆ ನೋಡಿ. ಎದೆನೋವಿಗೆ ಮೊದಲು ಬೇಕಾದದ್ದು ಇಸಿಜಿ, ಅದು ತಾಲೂಕು ಆಸ್ಪತ್ರೆಯಲ್ಲಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಅಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ಸಿಂಧನೂರಿನಿಂದ ರಾಯಚೂರಿಗೆ 80 ಕಿ.ಮೀ. ದಾಟಿ ಹೋಗಿ ಇಸಿಜಿ ತೆಗೆಸುವುದಕ್ಕಿಂತ ಅಲ್ಲೇ ತೆಗೆಸಿ ಹೊರಡುವುದು ಎಷ್ಟೋ ಮೇಲು.

ಲಕ್ವಾ ಇದಕ್ಕೆ ಉಲ್ಟಾ. ಬಹುತೇಕ ತಾಲೂಕು ಆಸ್ಪತ್ರೆಗಳಲ್ಲಿ ಸಿಟಿ ಸ್ಕ್ಯಾನ್ ಇರುವುದಿಲ್ಲ. ಅಲ್ಲಿಗೆ ಹೋಗಿ ಚೀಟಿ ಬರೆಸಿಕೊಂಡು ಮತ್ತೆ ಹೊರಡುವಷ್ಟರಲ್ಲಿ ಒಂದೆರಡು ಗಂಟೆ ಕರಗುತ್ತದೆ. ಉಸಿರು ಸರಿಯಿದ್ದರೆ ನೇರ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಅಥವಾ ಬಳ್ಳಾರಿಯ ವಿಮ್ಸ್ (ಈಗ ಬಿಎಂಸಿಆರ್‌ಸಿ ಎಂದು ಬೋರ್ಡು), ಇಲ್ಲವೇ ಸಿಟಿ ಸ್ಕ್ಯಾನ್ ಇರುವ ಖಾಸಗಿ ಆಸ್ಪತ್ರೆ. ಡ್ರೈವರಿಗೆ ಬರೀ "ಕಿಮ್ಸ್" ಎನ್ನಬೇಡಿ, ನಮ್ಮ ಜನಕ್ಕೆ ಹುಬ್ಬಳ್ಳಿಯದೂ ಕಿಮ್ಸೇ.

ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಹಗಲಿಗೆ ಚೆನ್ನಾಗಿದೆ, ರಾತ್ರಿ ಎಲ್ಲವೂ ತೆರೆದಿರುವುದಿಲ್ಲ. ನಿಮ್ಮದು ಇಪ್ಪತ್ನಾಲ್ಕು ಗಂಟೆಯದಾ ಎಂದು ಆಶಾ ಅಕ್ಕನನ್ನು ಈಗಲೇ ಕೇಳಿಟ್ಟುಕೊಳ್ಳಿ. ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ಇದೆಯೆಂದು ನಂಬಿ ರಾತ್ರಿ ಹೋಗಬೇಡಿ, ಆ ಹೊತ್ತಿಗೆ ಅದನ್ನು ನಡೆಸುವವರು ಇರಬೇಕಲ್ಲ. ನರ್ಸಿಂಗ್ ಹೋಮ್ ಎಂದರೆ ಹೊರಡುವ ಮೊದಲೇ ಫೋನಿನಲ್ಲಿ ಕೇಳಿ: ಫಿಜಿಷಿಯನ್ ಈಗ ಇದ್ದಾರಾ, ಐಸಿಯು ಬೆಡ್ ಖಾಲಿ ಇದೆಯಾ? "ಬರ್ರಿ ನೋಡೋಣ" ಎಂಬ ಉತ್ತರ ಬಂದರೆ ಇಲ್ಲ ಎಂದೇ ತಿಳಿಯಿರಿ.

ಹೈದರಾಬಾದಿಗೋ ಬೆಂಗಳೂರಿಗೋ ನೇರ ಹೊರಡುವವರಿಗೆ ಒಂದು ಮಾತು. ಬಿಪಿ, ಉಸಿರು ಒಂದು ಹದಕ್ಕೆ ಬಾರದ ರೋಗಿಯನ್ನು ಅಷ್ಟು ದೂರ ಕಾರಿನಲ್ಲಿ ಒಯ್ಯುವುದು ಧೈರ್ಯ ಅಲ್ಲ. ಮೊದಲು ಹತ್ತಿರದಲ್ಲಿ ಒಂದು ಹಂತಕ್ಕೆ ತಂದು ಆಮೇಲೆ ಹೊರಡಿ.

108ಆ, ಸ್ವಂತ ಗಾಡಿಯಾ

108 ಉಚಿತ. ಅದರಲ್ಲಿ ಆಕ್ಸಿಜನ್ ಇರುತ್ತದೆ, ತರಬೇತಾದವರು ಇರುತ್ತಾರೆ. ಉಸಿರಿನ ತೊಂದರೆ, ಎದೆನೋವು, ಎಚ್ಚರ ತಪ್ಪಿದ್ದಕ್ಕೆ ಅದೇ ಮೇಲು. ಕಷ್ಟವೆಂದರೆ ದೂರದ ಹಳ್ಳಿಗೆ ಬರಲು ಹೊತ್ತು ಹಿಡಿಯುತ್ತದೆ. ಫೋನು ಮಾಡಿದಾಗಲೇ ಎಷ್ಟು ಹೊತ್ತು ಎಂದು ಕೇಳಿ. ತಡ ಎಂದರೆ, ರೋಗಿ ಎಚ್ಚರವಿದ್ದು ಕೂರಬಲ್ಲರೆಂದರೆ, ಊರಿನ ಕಾರು ಹತ್ತಿಸಿ, ಎದುರಿಗೆ ಬರುತ್ತಿದ್ದೇವೆಂದು ಅವರಿಗೆ ತಿಳಿಸಿ ಮೇನ್ ರೋಡಿಗೆ ಬನ್ನಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಬರುವುದು ಬೇಡ. ಹೊರಡಬೇಕೋ ಬೇಡವೋ ಎಂಬ ಅನುಮಾನವಷ್ಟೇ ಇದ್ದರೆ ಸರ್ಕಾರದ ಆರೋಗ್ಯ ಸಹಾಯವಾಣಿ 104ಕ್ಕೆ ಫೋನು ಮಾಡಿ ಕನ್ನಡದಲ್ಲೇ ಕೇಳಬಹುದು. ಬೆಂಗಳೂರಿನಲ್ಲಿರುವ ಅಣ್ಣ ಫೋನು ಎತ್ತಲಿ, ಅವನನ್ನು ಒಂದು ಮಾತು ಕೇಳೋಣ ಎಂದು ಕಾಯುವುದು ನಮ್ಮ ಮನೆಗಳ ರೋಗ. ಗಾಡಿ ಹತ್ತಿದ ಮೇಲೆ ಕೇಳಿದರೂ ಅಣ್ಣ ಬೇಜಾರಾಗುವುದಿಲ್ಲ.

ದುಡ್ಡಿನ ಭಯ ನಿಜವಾದದ್ದು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಸರ್ಕಾರ ಕೊಡುತ್ತದೆ. ಖಾಸಗಿಗೆ ಹೋಗಲು ಮಾಮೂಲಿಯಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಯೋಜನೆಯಲ್ಲಿ ತುರ್ತು ಎಂದು ಪಟ್ಟಿಮಾಡಿದ ಚಿಕಿತ್ಸೆಗಳಿಗೆ ಬೇಡ, ಯೋಜನೆಗೆ ಸೇರಿದ ಆಸ್ಪತ್ರೆಯಾಗಿರಬೇಕಷ್ಟೇ. ಅಡ್ವಾನ್ಸ್ ಕಟ್ಟಿಲ್ಲ ಎಂದು ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ಕೌಂಟರಿನಲ್ಲಿ ವಾದ ಮಾಡುವವನೊಬ್ಬ, ರೋಗಿಯ ಹತ್ತಿರ ಇರುವವನೊಬ್ಬ, ಹೀಗೆ ಇಬ್ಬರು ಹೋದರೆ ಒಳ್ಳೆಯದು.

ಒಂದು ಪ್ಲಾಸ್ಟಿಕ್ ಚೀಲದಲ್ಲಿ ಈಗ ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿಗಳು, ಹಳೇ ಇಸಿಜಿ, ಕೊನೆಯ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ರಿಪೋರ್ಟು, ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ಹಾಕಿ ಬಾಗಿಲ ಹಿಂದೆ ತೂಗುಹಾಕಿ. ಹಳೇ ಇಸಿಜಿಯನ್ನು ಕಸ ಎಂದು ಎಸೆಯುವವರೇ ಜಾಸ್ತಿ. ಹೊಸದರ ಪಕ್ಕ ಇಟ್ಟು ನೋಡಿದರೆ ತಾನೇ ಬದಲಾಗಿದೆಯಾ ಎಂದು ಡಾಕ್ಟರಿಗೆ ತಿಳಿಯುವುದು? ಕ್ಯಾಶುವಾಲ್ಟಿಯಲ್ಲಿ ಇಪ್ಪತ್ತು ವರ್ಷದ ಕಾಯಿಲೆಯ ಚರಿತ್ರೆ ಶುರುಮಾಡಬೇಡಿ. "ದಿನಾ ಎರಡು ದಿಂಬಿನ ಮೇಲೆ ಮಲಗುತ್ತಿದ್ದರು, ನಿನ್ನೆಯಿಂದ ಕೂತೇ ಇದ್ದಾರೆ, ಮೂರು ದಿನದಲ್ಲಿ ಎರಡು ಕೆ.ಜಿ. ಏರಿದೆ" ಎಂದರೆ ಡ್ಯೂಟಿ ಡಾಕ್ಟರು ತಲೆ ಎತ್ತಿ ನೋಡುತ್ತಾರೆ. "ಯಾಕೋ ಆರಾಮಿಲ್ರಿ" ಎಂದರೆ ಸಾಲಿನಲ್ಲಿ ಕೂರಿಸುತ್ತಾರೆ.

ಮುಂದಿನ ಸಲ ಚೆಕಪ್‌ಗೆ ಹೋದಾಗ ಡಾಕ್ಟರ ಹತ್ತಿರ ಮಾತ್ರೆ ಚೀಟಿಯ ಹಿಂದೆ ಬರೆಸಿಕೊಳ್ಳಿ: ತೂಕ ಎಷ್ಟಾದರೆ, ಆಕ್ಸಿಜನ್ ಎಷ್ಟಕ್ಕಿಳಿದರೆ, ಸಕ್ಕರೆ ಎಷ್ಟಾದರೆ ಬರಬೇಕು, ವಾಂತಿಭೇದಿ ಆದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ರಾತ್ರಿ ಆದರೆ ಎಲ್ಲಿಗೆ ಹೋಗಬೇಕು. ಗಡಿಬಿಡಿಯಲ್ಲಿದ್ದರೂ ಕೇಳಿದರೆ ಬರೆದುಕೊಡುತ್ತಾರೆ. ಅದರ ಫೋಟೋ ಮನೆಯ ಎಲ್ಲರ ಫೋನಿನಲ್ಲೂ ಇರಲಿ, ಸೊಸೆಯ ಫೋನಿನಲ್ಲೂ, ಯಾಕೆಂದರೆ ಆ ಹೊತ್ತಿಗೆ ಮನೆಯಲ್ಲಿರುವವಳು ಬಹುತೇಕ ಅವಳೇ.